ಮೂರನೇ ಪೀರಿಯಡ್

ಆ ಗುಲಾಬಿ ಬಣ್ಣದ ಚೀಟಿಯನ್ನು ಅವಳು ಅವನ ಮೇಜಿನ ಮೇಲೆ ಇಟ್ಟಳು ಎನ್ನುವುದಕ್ಕಿಂತ ಬಡಿದಳು ಎನ್ನುವುದೇ ಸರಿ. ಅಲ್ಲಿದ್ದ ಗ್ಲೋಬು ಬೆಚ್ಚಿಬಿದ್ದಂತೆ ಅರ್ಧ ಸುತ್ತು ತಿರುಗಿ ನಿಂತಿತು.

"ಇದನ್ನ ಬರೆದಿದ್ದು ನೀವೇ ತಾನೆ?"

ಭೂಗೋಳದ ಹೊಸ ಮೇಷ್ಟ್ರು ತಲೆ ಎತ್ತಿದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. "ಕೈಬರಹ ನಂದೇ."

"ನಾಚಿಕೆ ಆಗಲ್ವಾ ನಿಮಗೆ?"

"ಅಷ್ಟು ಕೆಟ್ಟದಾಗಿದ್ಯಾ ಬರಹ?"

ಸ್ಟಾಫ್ ರೂಮಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಕೆಂಪಾಯಿತು, ಆಮೇಲೆ ಮೂಗಿನ ತುದಿ, ಆಮೇಲೆ ಇಡೀ ಮುಖ. ಕೆಮಿಸ್ಟ್ರಿ ಟೀಚರಿಗೆ ಮಕ್ಕಳು 'ಲಿಟ್ಮಸ್ ಮಿಸ್' ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

"ಮೂರನೇ ಪೀರಿಯಡ್ ನಂಗೆ ಕ್ಲಾಸಿಲ್ಲ. ಟೈಮ್‌ಟೇಬಲ್‌ನಲ್ಲಿ ಹಾಗೇ ಇದೆ. ನಾಲ್ಕನೇದು ಹತ್ತನೇ ಕ್ಲಾಸಿನ ಲ್ಯಾಬ್. ಅದಕ್ಕೆ ರೆಡಿ ಮಾಡ್ಕೊಳ್ಳೋಕೆ ಇರೋದೇ ಈ ನಲವತ್ತು ನಿಮಿಷ. ದಿನಾ ನೀವು ಒಂಬತ್ತನೇ ಬಿ ಸೆಕ್ಷನ್ ಕಾಯೋಕೆ ಕಳಿಸ್ತೀರಲ್ಲ, ನಾನೇನು ಕಾವಲುಗಾರಳಾ?"

"ಪ್ರಿನ್ಸಿಪಾಲರು ಹೇಳ್ತಾರೆ, ನಾನು ಬರೀತೀನಿ," ಎಂದ ಅವನು, ತಗ್ಗಿದ ದನಿಯಲ್ಲಿ. "ನಿಮಗೆ ಆ ಹೊತ್ತು ಫ್ರೀ ಇದೆ ಅಂತ…"

"ಫ್ರೀ!" ಆ ಪದ ಕೇಳಿದರೇ ಅವಳ ಮೈ ಉರಿಯುತ್ತಿತ್ತು. "ನಾನು ಅಲ್ಲಿ ಕಾಲು ಚಾಚ್ಕೊಂಡು ಮಲಗಿರ್ತೀನಿ ಅಂದ್ಕೊಂಡ್ರಾ? ಆಸಿಡ್ ಅಳೀಬೇಕು, ಬಾಟ್ಲಿಗಳಿಗೆ ಚೀಟಿ ಅಂಟಿಸ್ಬೇಕು, ಮಕ್ಕಳು ಮಾಡೋದನ್ನೆಲ್ಲ ಮೊದಲು ನಾನೊಂದ್ಸಲ ಮಾಡಿ ನೋಡ್ಬೇಕು. ಪ್ರಿನ್ಸಿಪಾಲರು ಹೇಳಿದ್ದನ್ನೆಲ್ಲ ಬರೆಯೋದಾದ್ರೆ ನೀವು ಬರೀ ಪೆನ್ನು."

ಅವನು ಕನ್ನಡಕ ಮೇಲಕ್ಕೆ ಸರಿಸಿ ಅವಳನ್ನೇ ನೋಡಿದ. ಅವನ ನಗು ತುಟಿಗೆ ಬರುವ ಮೊದಲು ಕಣ್ಣಿಗೆ ಬರುತ್ತದೆ ಎಂಬುದನ್ನು ಅವಳು ಆಗಲೇ ಗಮನಿಸಿದ್ದು, ಗಮನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟಾಗಿದ್ದು.

"ಈ ಪೆನ್ನಿಗೂ ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯೋಕೆ ಪುರುಸೊತ್ತಿಲ್ಲ ಟೀಚರ್," ಎಂದ.

ಅವಳು ಚೀಟಿ ಎತ್ತಿಕೊಂಡು ದಡದಡ ನಡೆದುಬಿಟ್ಟಳು. ಒಂಬತ್ತನೇ ಬಿ ಸೆಕ್ಷನ್ ಕಾದಳು.

ಆ ಶಾಲೆಯಲ್ಲಿ ಚರಿತ್ರೆಯ ಟೀಚರ್ ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಆ ಜಾಗಕ್ಕೆ ಇನ್ನೊಬ್ಬರನ್ನು ತರುವ ಯೋಚನೆ ಯಾರಿಗೂ ಇರಲಿಲ್ಲ. ಇರುವವರ ಬಿಡುವನ್ನು ಹರಿದು ತೇಪೆ ಹಾಕಿದರೆ ಆಯಿತು. ಬೆಳಿಗ್ಗೆ ಅಟೆಂಡರ್ ಗುಲಾಬಿ ಚೀಟಿಗಳನ್ನು ಹಿಡಿದು ಬಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನೋಟ್‌ಬುಕ್ಕುಗಳ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು. ಟೈಮ್‌ಟೇಬಲ್ ನೋಡಿಕೊಳ್ಳುವ ಈ ಬೈಸಿಕೊಳ್ಳುವ ಕೆಲಸವನ್ನು ಪ್ರತಿ ವರ್ಷ ಹೊಸದಾಗಿ ಬಂದವರ ತಲೆಗೆ ಕಟ್ಟುವುದು ಅಲ್ಲಿನ ವಾಡಿಕೆ. ಈ ವರ್ಷ ಭೂಗೋಳದ ಮೇಷ್ಟ್ರು ಸಿಕ್ಕಿದ್ದ.

ಮಾರನೆಯ ದಿನ ಅವಳಿಗೆ ಚೀಟಿ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಲ್ಯಾಬಿನ ಕಿಟಕಿಯಿಂದ ನೋಡಿದರೆ ಅಂಗಳದಾಚೆಯ ಒಂಬತ್ತನೇ ಬಿಯಲ್ಲಿ ಅವನೇ ನಿಂತಿದ್ದ, ಶರ್ಟಿನ ತೋಳು ಮಡಚಿ, ಬೋರ್ಡಿನ ಈ ತುದಿಯಿಂದ ಆ ತುದಿಗೆ ನೀಲಿ ಚಾಕ್‌ಪೀಸಿನಲ್ಲಿ ಒಂದು ನದಿ ಹರಿಸುತ್ತಿದ್ದ. ಅವಳ ಬಿಡುವಿನ ಬದಲು ತನ್ನದನ್ನು ಕೊಟ್ಟುಬಿಟ್ಟಿದ್ದ. ಹೇಳಿರಲಿಲ್ಲ.

ಊಟದ ಬಿಡುವಿನಲ್ಲಿ ಅವನು ಕೈ ತೊಳೆಯಲು ಲ್ಯಾಬಿಗೇ ಬಂದ. ಆ ಮಹಡಿಯಲ್ಲಿ ನೀರು ಬರುತ್ತಿದ್ದ ನಲ್ಲಿ ಅದೊಂದೇ.

"ಯಾಕೆ ಹೀಗೆ ಮಾಡಿದ್ರಿ?" ಎಂದಳು.

"ಯಾಕೆ, ನಲ್ಲಿ ಮುಟ್ಟಬಾರದಿತ್ತಾ?"

"ಮಾತು ತಪ್ಪಿಸ್ಬೇಡಿ."

ಅವನು ನೀಲಿ ನೀರನ್ನು ಬೆರಳಿನಿಂದ ಇಳಿಯಬಿಟ್ಟ. "ನೀವು ಬೈದ್ರಲ್ಲ. ನಂಗೆ ಯಾರೂ ಅಷ್ಟು ಚೆನ್ನಾಗಿ ಬೈದಿರ್ಲಿಲ್ಲ."

ಅವಳಿಗೆ ನಗು ಬಂತು. ತಡೆದುಕೊಳ್ಳಲು ಒಂದು ಟೆಸ್ಟ್ ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದಳು.

"ಏನು ನೋಡ್ತೀರಿ ಅದ್ರಲ್ಲಿ?"

"ಬಿರುಕು. ಕೂದಲೆಳೆಯಷ್ಟೇ ಇರುತ್ತೆ, ಬಿಸಿ ತಾಗಿದ್ರೆ ಪಟ್ ಅಂತ ಒಡೆಯುತ್ತೆ. ಒಂದೊಂದನ್ನೂ ಹೀಗೆ ತಿರುಗಿಸಿ ತಿರುಗಿಸಿ ನೋಡ್ಬೇಕು."

ಅವನೂ ಒಂದು ಎತ್ತಿಕೊಂಡ. ಕಿಟಕಿಯ ಬಳಿ ಇಬ್ಬರೂ ಒಂದು ಕಣ್ಣು ಮುಚ್ಚಿ ನಿಂತರು. ಗಾಜಿನೊಳಗಿಂದ ಅವನ ಕಣ್ಣು ಉದ್ದಕ್ಕೆ ಎಳೆದು ಹಿಗ್ಗಿದಂತೆ ಕಂಡಿತು. ಅದು ಗಾಜನ್ನು ನೋಡುತ್ತಿರಲಿಲ್ಲ.

"ಬಿರುಕು ಕಾಣಿಸ್ತಾ?" ಎಂದು ಕೇಳಿದಳು.

"ಇಲ್ಲ. ಎಲ್ಲಾ ಸರಿಯಾಗೇ ಇದೆ," ಎಂದ, ಅವಳನ್ನೇ ನೋಡುತ್ತ.

ಆಮೇಲೆ ಊಟದ ಬಿಡುವಿನ ಆ ಇಪ್ಪತ್ತು ನಿಮಿಷಕ್ಕಾಗಿ ಅವಳು ಬೆಳಿಗ್ಗೆಯಿಂದ ಕಾಯತೊಡಗಿದಳು. ಅವನ ಕೈಗೆ ದಿನಾ ಅಷ್ಟೊಂದು ಚಾಕ್‌ಪೀಸಿನ ಪುಡಿ ಹೇಗೆ ಮೆತ್ತಿಕೊಳ್ಳುತ್ತದೆಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಇದು ಎರಡು ವಾರ ನಡೆಯಿತು. ಒಂದು ಬೆಳಿಗ್ಗೆ ಪ್ರಿನ್ಸಿಪಾಲರು ಟೈಮ್‌ಟೇಬಲ್ ತರಿಸಿಕೊಂಡು ನೋಡಿದರು. "ಕೆಮಿಸ್ಟ್ರಿಯವರು ಫ್ರೀ ಇರೋವಾಗ ನೀವ್ಯಾಕ್ರಿ ಹೋಗ್ತಿದೀರಿ? ಯಾರ್ಯಾರಿಗೆ ದಯೆ ತೋರಿಸ್ಬೇಕು ಅಂತ ನಾನು ಹೇಳ್ತೀನಿ," ಎಂದರು. ಮತ್ತೆ ಗುಲಾಬಿ ಚೀಟಿ ಬಂತು. ಕೈಬರಹ ಅವನದೇ. ಅಕ್ಷರ ಮಾತ್ರ ಈ ಸಲ ಸೊಟ್ಟಪಟ್ಟ.

ಅವಳು ಹೋದಳು. ಬೆಲ್ ಹೊಡೆದ ಕೂಡಲೇ ಓಡಿ ಬಂದು ಲ್ಯಾಬಿನ ಬಾಗಿಲು ತೆಗೆದರೆ ನಲವತ್ತಾರು ಮಕ್ಕಳು ಹಿಂದೆಯೇ ನುಗ್ಗಿದರು. ಟ್ಯೂಬುಗಳನ್ನು ಬೆಳಕಿಗೆ ಹಿಡಿದು ನೋಡಲು ಹೊತ್ತೆಲ್ಲಿತ್ತು? ಸ್ಟ್ಯಾಂಡಿನಿಂದ ಸಿಕ್ಕಿದ್ದನ್ನು ಸಿಕ್ಕಂತೆ ಹಂಚಿದಳು.

ಹತ್ತನೇ ನಿಮಿಷಕ್ಕೆ ಪಟ್ ಎಂದಿತು.

ಎರಡನೇ ಬೆಂಚಿನ ಹುಡುಗಿ ಕೂಗಲೂ ಇಲ್ಲ. ಬಿಸಿ ಆಸಿಡ್ ಸಿಡಿದ ಮಣಿಕಟ್ಟು ಹಿಡಿದುಕೊಂಡು, ತಪ್ಪು ತನ್ನದೇ ಎನ್ನುವ ಹಾಗೆ ಟೀಚರ್ ಮುಖ ನೋಡಿದಳು. ಇವಳು ಆ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಹದಿನೈದು ನಿಮಿಷ ಬಿಡಲಿಲ್ಲ. "ನೋವಿಲ್ಲ ಮಿಸ್, ಅಳ್ಬೇಡಿ ಮಿಸ್," ಎಂದು ಆ ಮಗುವೇ ಸಮಾಧಾನ ಹೇಳಿತು. ಚರ್ಮದ ಮೇಲೆ ನಾಲ್ಕು ಕೆಂಪು ಬೊಟ್ಟು. ವಾರದಲ್ಲಿ ಮಾಯುತ್ತದೆ ಎಂದರು ಡಾಕ್ಟರು. ಕಣ್ಣಿಗೆ ಸಿಡಿದಿದ್ದರೆ ಏನೆಂದು ಅವರು ಹೇಳಲಿಲ್ಲ. ಅವಳಿಗೆ ಅದು ಬಿಟ್ಟು ಬೇರೆ ಯೋಚನೆಯೇ ಬರಲಿಲ್ಲ.

ಮಾರನೆಯ ದಿನ ಮೆಮೊ ಬಂತು. 'ಪೂರ್ವಸಿದ್ಧತೆಯಿಲ್ಲದೆ ಪ್ರಯೋಗ ನಡೆಸಿ ವಿದ್ಯಾರ್ಥಿನಿಗೆ ಗಾಯವಾಗಲು ಕಾರಣರಾಗಿರುತ್ತೀರಿ. ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಸೇವೆಯಿಂದ ಬಿಡುಗಡೆಗೊಳಿಸಲಾಗುವುದು.'

ಪೂರ್ವಸಿದ್ಧತೆಯಿಲ್ಲದೆ! ಅವಳು ಆ ಪದವನ್ನು ಮೂರು ಸಲ ಓದಿದಳು. ಸಿದ್ಧತೆಯ ಹೊತ್ತನ್ನು ಕಿತ್ತುಕೊಂಡ ಕೈಯೇ ಸಿದ್ಧತೆ ಇಲ್ಲವೆಂದು ಸಹಿ ಹಾಕಿತ್ತು.

ಮನೆಯಲ್ಲಿ ಅಪ್ಪ ಮೆಮೊ ಓದಿ ಮಡಚಿಟ್ಟರು. ಅವರು ಮೂವತ್ತು ವರ್ಷ ಬಸ್ ಓಡಿಸಿದವರು.

"ಡಿಪೋದಲ್ಲಿ ಗಾಡಿ ತೆಗೆಯೋ ಮುಂಚೆ ನಮಗೆ ಇಪ್ಪತ್ತು ನಿಮಿಷ ಇರ್ತಿತ್ತು ಮಗಳೇ. ಬ್ರೇಕು, ಟೈರು, ಕನ್ನಡಿ ನೋಡೋಕೆ. ಖಾಲಿ ನಿಂತಿದೀಯಲ್ಲ, ಹೋಗಿ ಟಿಕೆಟ್ ಹರಿ ಅಂತ ಯಾರೂ ಅಂದಿಲ್ಲ. ಅಂದಿದ್ರೆ ಸ್ಟಿಯರಿಂಗ್ ಅವರ ಕೈಗೇ ಕೊಟ್ಟು ಬರ್ತಿದ್ದೆ."

"ಅದು ನಿಮ್ಮ ಪುಣ್ಯ ಅಪ್ಪ."

"ಪುಣ್ಯ ಎಂಥದು? ರೂಲು. ನಿಮಗೂ ಇರುತ್ತೆ, ಹುಡುಕು."

ಹುಡುಕುವ ಕಷ್ಟ ಬರಲಿಲ್ಲ. ಮರುದಿನ ಶಾಲೆ ಬಿಟ್ಟ ಮೇಲೆ ಭೂಗೋಳದ ಮೇಷ್ಟ್ರು ಲ್ಯಾಬಿಗೆ ಬಂದ. ಅವನ ಕೈಯಲ್ಲಿ ತೆಳ್ಳನೆಯ ಒಂದು ಪುಸ್ತಕವಿತ್ತು: ಶಿಕ್ಷಕರ ಸೇವಾ ನಿಯಮಗಳು. ಹನ್ನೊಂದನೇ ನಿಯಮದ ಹತ್ತಿರ ಕಾಗದದ ಚೂರು ಇಟ್ಟಿದ್ದ.

ಅವಳು ಓದಿದಳು. ಪ್ರತಿ ಶಿಕ್ಷಕರಿಗೂ ಕೆಲಸದ ಅವಧಿಯಲ್ಲೇ ದಿನಕ್ಕೊಂದು ಪೀರಿಯಡ್ ಪಾಠದ ಸಿದ್ಧತೆಗೆ ಮೀಸಲು. ಅದರಲ್ಲಿ ಬೇರೆ ಕೆಲಸ ಹೇಳುವಂತಿಲ್ಲ. ತುರ್ತಿದ್ದರೆ ಕಾರಣವನ್ನು ಬರೆದು ಕೊಡಬೇಕು, ಅದೇ ವಾರದಲ್ಲಿ ಆ ಹೊತ್ತನ್ನು ಹಿಂತಿರುಗಿಸಬೇಕು.

ಅವಳ ಎದೆ ಹಗುರಾಯಿತು. "ಎಲ್ಲಿ ಸಿಕ್ತು ಇದು?"

ಅವನು ತಡೆದು ಹೇಳಿದ. "ಟೈಮ್‌ಟೇಬಲ್ ಫೈಲ್ ಒಳಗೇ ಇತ್ತು. ಸೇರಿದ ಮೊದಲ ವಾರಾನೇ ಓದಿದ್ದೆ. ಪ್ರಿನ್ಸಿಪಾಲರನ್ನ ಕೇಳಿದೆ. 'ಅದೆಲ್ಲ ಕಾಗದದ ಮೇಲೆ ಕಣ್ರೀ' ಅಂದ್ರು. ನಾನು… ಸುಮ್ಮನಾದೆ."

ಅವಳು ಪುಸ್ತಕ ಮುಚ್ಚಿದಳು.

"ಗೊತ್ತಿತ್ತು," ಎಂದಳು. "ಗೊತ್ತಿದ್ದೂ ಬರೆದ್ರಿ. ಎರಡು ವಾರ ಇಲ್ಲಿ ಬಂದು ಕೈ ತೊಳ್ಕೊಂಡು, ನಗ್ತಾ ನಗ್ತಾ ಇದ್ದು, ಮತ್ತೆ ಬರೆದ್ರಿ."

"ನಾನು ಹೊಸಬ. ನೌಕರಿ ಇನ್ನೂ ಕಾಯಂ ಆಗಿಲ್ಲ. ಅದಕ್ಕೇ ನನ್ನ ಪೀರಿಯಡ್ ಕೊಟ್ಟು…"

"ನಿಮ್ಮ ಪೀರಿಯಡ್ ಯಾರು ಕೇಳಿದ್ರು? ನಿಮ್ಮ ಉಪಕಾರ ಬೇಕಿರ್ಲಿಲ್ಲ ನಂಗೆ. ನನ್ನ ಹಕ್ಕು ಬೇಕಿತ್ತು. ಅದು ನಿಮ್ಮ ಫೈಲಲ್ಲೇ ಇತ್ತು! ಆ ಮಗುವಿನ ಕೈ ನೋಡಿದ್ರಾ ನೀವು?"

"ನೋಡಿದೆ," ಎಂದ. ಪುಸ್ತಕವನ್ನು ಅಲ್ಲೇ ಬಿಟ್ಟು ಹೋದ.

ಅವಳು ಬಾಗಿಲು ಹಾಕಿಕೊಂಡು ಅತ್ತಳು. ಸಿಟ್ಟಿಗೆ ಅತ್ತಿದ್ದು ಎಷ್ಟು, ಅವನ ಮುಖ ನೆನೆದು ಅತ್ತಿದ್ದು ಎಷ್ಟು ಎಂದು ಬೇರ್ಪಡಿಸಲು ಯಾವ ಪ್ರಯೋಗವೂ ಅವಳಿಗೆ ತಿಳಿದಿರಲಿಲ್ಲ.

ಮೂರು ದಿನ ಅವನು ನಲ್ಲಿಯ ಕಡೆ ಸುಳಿಯಲಿಲ್ಲ. ಸೋಮವಾರ ಚೀಟಿಗಳು ಬಂದಾಗ ಸ್ಟಾಫ್ ರೂಮಿನಲ್ಲಿ ಗುಜುಗುಜು ಶುರುವಾಯಿತು. ಪ್ರತಿ ಚೀಟಿಯ ಕೆಳಗೂ ಹೊಸದೊಂದು ಸಾಲು: 'ಕಾರಣ: ಚರಿತ್ರೆ ಶಿಕ್ಷಕರ ಹುದ್ದೆ ಎರಡು ವರ್ಷದಿಂದ ಖಾಲಿ. ನಿಯಮ ಹನ್ನೊಂದರ ಪ್ರಕಾರ ಈ ಅವಧಿಯನ್ನು ಶುಕ್ರವಾರದೊಳಗೆ ಹಿಂತಿರುಗಿಸಬೇಕು.' ಕೆಳಗೆ ಅವನ ಪೂರ್ತಿ ಸಹಿ.

ನಿವೃತ್ತಿಗೆ ಒಂದು ವರ್ಷವಿದ್ದ ಗಣಿತದ ಮೇಷ್ಟ್ರು ಚೀಟಿಯನ್ನು ದೂರ ಹಿಡಿದು ಓದಿದರು. "ಏನಪ್ಪಾ ಇದು, ನಿನ್ನ ತಲೆ ಸರಿ ಇದ್ಯಾ?"

"ಈಗ ಸರಿಯಾಗಿದೆ ಸರ್," ಎಂದ. ಮಾತು ಅವರಿಗೆ, ನೋಟ ಕಿಟಕಿಯ ಬಳಿ ಕೂತಿದ್ದ ಅವಳ ಕಡೆಗೆ.

ಅವಳು ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. ಆದರೆ ಕೆಂಪು ಇಂಕಿನಲ್ಲಿ ಒಂದು ತಪ್ಪು ಉತ್ತರಕ್ಕೆ ಸರಿ ಗುರುತು ಹಾಕಿಬಿಟ್ಟಳು.

ಪ್ರಿನ್ಸಿಪಾಲರು ಅಂದೇ ಮಧ್ಯಾಹ್ನ ಟೈಮ್‌ಟೇಬಲ್ ಫೈಲನ್ನು ಅವನ ಕೈಯಿಂದ ಕಿತ್ತುಕೊಂಡರು. ಅವನಿಗೂ ಒಂದು ಮೆಮೊ ಸಿಕ್ಕಿತು. ಸಂಜೆ ಅವಳು ಲ್ಯಾಬಿನಲ್ಲೇ ಕೂತು ಶಿಕ್ಷಣ ಇಲಾಖೆಗೆ ದೂರು ಬರೆದಳು. ಮೆಮೊ, ನಿಯಮ, ಎರಡು ತಿಂಗಳಲ್ಲಿ ತನಗೆ ಬಂದ ಇಪ್ಪತ್ತೇಳು ಗುಲಾಬಿ ಚೀಟಿ, ಎಲ್ಲ ಒಟ್ಟಿಗೆ. ಸಾಕ್ಷಿಯ ಜಾಗದಲ್ಲಿ ಯಾರ ಹೆಸರು ಹಾಕುವುದೆಂದು ಯೋಚಿಸುತ್ತಿದ್ದಾಗ ಅವನೇ ಬಂದು ಪೆನ್ನು ಎತ್ತಿಕೊಂಡು ಸಹಿ ಮಾಡಿದ.

"ನೌಕರಿ ಹೋಗ್ಬಹುದು," ಎಂದಳು.

"ಹೋದ್ರೆ ಬೈಯೋಕೆ ನೀವಿದೀರಲ್ಲ."

"ನಾನಿನ್ನೂ ಕ್ಷಮಿಸಿಲ್ಲ."

"ಅವಸರ ಇಲ್ಲ," ಎಂದು ಹೊರಟ. ಬಾಗಿಲಲ್ಲಿ ತಿರುಗಿ, "ಕೈ ತೊಳ್ಕೊಂಡು ಹೋಗ್ಲಾ?" ಎಂದು ಕೇಳಿದ. ಅವಳು ಗಲ್ಲದಿಂದಲೇ ನಲ್ಲಿಯ ಕಡೆ ತೋರಿಸಿದಳು.

ವಿಚಾರಣೆ ಇಲಾಖೆಯ ಕಚೇರಿಯ ಎರಡನೇ ಮಹಡಿಯಲ್ಲಿ. ಉದ್ದ ಮೇಜು, ಕಿರುಗುಟ್ಟುವ ಫ್ಯಾನು. ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು, ಪಕ್ಕದಲ್ಲಿ ಹೇಳಿದ್ದನ್ನೆಲ್ಲ ಟಪಟಪ ಟೈಪ್ ಮಾಡುವ ಕ್ಲರ್ಕು. ನಿಯಮ ಓದಲಾಯಿತು. ಚೀಟಿಗಳನ್ನು ನೋಡಲಾಯಿತು. ಪ್ರಿನ್ಸಿಪಾಲರಿಗೆ ಹೇಳಲು ಏನೂ ಉಳಿದಿಲ್ಲ ಎನ್ನುವಷ್ಟರಲ್ಲಿ ಅವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಮೇಡಂ, ಹೇಳಬಾರದು ಅಂತಿದ್ದೆ. ಇವರಿಬ್ಬರಿಗೆ ಫ್ರೀ ಪೀರಿಯಡ್ ಯಾತಕ್ಕೆ ಬೇಕು ಅಂತ ಇಡೀ ಸ್ಕೂಲಿಗೆ ಗೊತ್ತು. ಲ್ಯಾಬಿನ ಕಿಟಕಿ ಹತ್ತಿರ ಇಬ್ಬರೂ ನಿಂತ್ಕೊಂಡು… ನಮ್ಮ ಅಟೆಂಡರ್ ಕಣ್ಣಾರೆ ನೋಡಿದಾನೆ. ಪಾಠದ ಸಿದ್ಧತೆಯಂತೆ! ಪ್ರೇಮದ ಸಿದ್ಧತೆ ಅನ್ನಿ."

ಕ್ಲರ್ಕಿನ ಬೆರಳು ನಿಂತಿತು. ಭೂಗೋಳದ ಮೇಷ್ಟ್ರು ಕುರ್ಚಿ ಸರಿಸಿ ಎದ್ದ. ಅವನ ಮುಖ ಬಿಳಿಚಿತ್ತು. ಅವನು ಬಾಯಿ ತೆಗೆಯುವ ಮೊದಲೇ ಅವಳು ಎದ್ದಾಗಿತ್ತು. ಕಿವಿ, ಮೂಗು, ಮುಖ ಎಲ್ಲ ಕೆಂಪು.

ಇಲ್ಲ ಎನ್ನಬಹುದಿತ್ತು. ಅಂಥದ್ದೇನೂ ಇಲ್ಲ ಮೇಡಂ ಎಂದು ಒಂದು ಮಾತು ಹೇಳಿ ಕೂತರೆ ದೂರು ಗೆಲ್ಲುತ್ತಿತ್ತು. ಆದರೆ ಈ ಪ್ರಿನ್ಸಿಪಾಲ ಅವಳ ನಲವತ್ತು ನಿಮಿಷ ಕಸಿದಿದ್ದು ಸಾಲದೆ, ಇದನ್ನೂ ಕಸಿದು, ಕೊಳಕು ಮಾಡಿ ಮೇಜಿನ ಮೇಲೆ ಇಡುತ್ತಿದ್ದ. ಅವಳ ಪಿತ್ತ ನೆತ್ತಿಗೇರಿತು.

"ಮೇಡಂ, ಬರ್ಕೊಳ್ಳಿ," ಎಂದಳು. "ಹೌದು. ಇವರ ಮೇಲೆ ನಂಗೆ ಪ್ರೀತಿ ಇದೆ. ಅದನ್ನ ಇವರಿಗೇ ಇನ್ನೂ ಹೇಳಿಲ್ಲ. ಹೇಳೋಕೆ ಪುರುಸೊತ್ತು ಎಲ್ಲಿ ಕೊಟ್ರಿ ಸರ್ ನೀವು? ಇಪ್ಪತ್ತೇಳು ಪೀರಿಯಡ್ ಕಿತ್ಕೊಂಡ್ರಿ. ಅಟೆಂಡರ್ ನೋಡಿದ್ದು ಊಟದ ಬಿಡುವಿನಲ್ಲಿ. ಆ ಇಪ್ಪತ್ತು ನಿಮಿಷ ನಂದು, ನಾನು ಊಟ ಮಾಡ್ತೀನೋ ಉಪವಾಸ ಇರ್ತೀನೋ ಯಾರನ್ನಾದ್ರೂ ನೋಡ್ತಾ ನಿಲ್ತೀನೋ, ಯಾರೂ ಕೇಳೋ ಹಾಗಿಲ್ಲ. ಆದ್ರೆ ಮೂರನೇ ಪೀರಿಯಡ್ ನಂದಲ್ಲ. ಅದು ಮಕ್ಕಳದ್ದು. ಆ ಹುಡುಗಿ ಕೈ ಸುಟ್ಟಿದ್ದು ನನ್ನ ಪ್ರೀತಿಯಿಂದ ಅಲ್ಲ, ನಿಮ್ಮ ಗುಲಾಬಿ ಚೀಟಿಯಿಂದ. ಏಳು ವರ್ಷದ ಲ್ಯಾಬ್ ಡೈರಿ ಇಲ್ಲಿದೆ. ಮೂರನೇ ಪೀರಿಯಡ್ ಸಿಕ್ಕ ದಿನ ಒಂದೇ ಒಂದು ಟ್ಯೂಬ್ ಒಡೆದಿದ್ರೆ ತೋರಿಸಿ, ಈಗಲೇ ರಾಜೀನಾಮೆ ಕೊಡ್ತೀನಿ."

ಅಧಿಕಾರಿ ಡೈರಿಯನ್ನು ಎಳೆದುಕೊಂಡು ಹಾಳೆ ತಿರುಗಿಸಿದರು. ಹಾಳೆ ಹಾಳೆಯಲ್ಲೂ ಮೂರನೇ ಪೀರಿಯಡ್‌ನ ತಯಾರಿ, ಅಳತೆ, ತಾರೀಖು. ಬಹಳ ಹೊತ್ತು ನೋಡಿ, ಪ್ರಿನ್ಸಿಪಾಲರ ಕಡೆ ಕನ್ನಡಕದ ಮೇಲಿಂದ ಒಂದು ದೃಷ್ಟಿ ಬೀರಿ, "ನೀವು ಕೂತ್ಕೊಳ್ಳಿ," ಎಂದರು.

ಹೊರಗೆ ಮೆಟ್ಟಿಲಿಳಿಯುವಾಗ ಅವಳು ನಡುವೆಯೇ ಕಂಬಿ ಹಿಡಿದು ನಿಂತಳು. ಅವನು ಒಂದು ಮೆಟ್ಟಿಲು ಕೆಳಗೆ ನಿಂತ.

"ಏನಾದ್ರೂ ಹೇಳಿ," ಎಂದಳು, ಬೇರೆ ಕಡೆ ನೋಡುತ್ತ.

"ಕ್ಲರ್ಕ್ ಎಲ್ಲಾ ಟೈಪ್ ಮಾಡ್ಕೊಂಡ್ರು."

"ಅಯ್ಯೋ!" ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ನಿಮ್ಮಷ್ಟು ಧೈರ್ಯ ನಂಗಿಲ್ಲ," ಎಂದ ಅವನು. "ಆ ಫೈಲ್ ಓದಿದ ದಿನವೇ ಇದ್ದಿದ್ರೆ ಆ ಮಗುವಿನ ಕೈ ಸುಡ್ತಿರ್ಲಿಲ್ಲ. ಅದನ್ನ ನೀವು ಕ್ಷಮಿಸಿದ್ರೂ ನಾನು ಮರೆಯಲ್ಲ. ಆದ್ರೆ ಒಂದು ಹೇಳ್ಬೇಕು. ಒಂಬತ್ತನೇ ಬಿಗೆ ನಾನು ಹೋಗಿದ್ದು ಉಪಕಾರಕ್ಕಲ್ಲ. ಅಲ್ಲಿಂದ ಲ್ಯಾಬಿನ ಕಿಟಕಿ ಕಾಣುತ್ತೆ. ನೀವು ಗಾಜು ಬೆಳಕಿಗೆ ಹಿಡಿದಾಗ ನಿಮ್ಮ ಕೆನ್ನೆ ಮೇಲೆ ಒಂದು ಬೆಳಕಿನ ಚೂರು ಬೀಳುತ್ತೆ. ಅದು ಎಲ್ಲೆಲ್ಲಿ ಹರಿದಾಡುತ್ತೆ ಅಂತ ನೋಡ್ತಾ ನೋಡ್ತಾ ಬೋರ್ಡ್ ಮೇಲೆ ನದಿಯನ್ನ ಬೆಟ್ಟ ಹತ್ತಿಸಿಬಿಟ್ಟಿದ್ದೆ. ಮಕ್ಕಳು ನಕ್ರು."

ಅವಳು ಬೆರಳ ಸಂದಿಯಿಂದ ನೋಡಿದಳು. ನಗು ಅವನ ಕಣ್ಣಿಗೆ ಬಂದಿತ್ತು, ತುಟಿಗೆ ಇನ್ನೂ ಬಂದಿರಲಿಲ್ಲ. ಅವಳು ಒಂದು ಮೆಟ್ಟಿಲಿಳಿದಳು. ಮಿಕ್ಕ ಮೆಟ್ಟಿಲುಗಳನ್ನು ಇಬ್ಬರೂ ಕೈ ಹಿಡಿದೇ ಇಳಿದರು.

ಮೂರು ವಾರಕ್ಕೆ ಆದೇಶ ಬಂತು. ಎರಡೂ ಮೆಮೊ ರದ್ದು. ಎಲ್ಲ ಶಿಕ್ಷಕರಿಗೂ ದಿನಕ್ಕೊಂದು ಪೀರಿಯಡ್ ಮೀಸಲು. ಚರಿತ್ರೆಯ ಹುದ್ದೆಯನ್ನು ತಿಂಗಳೊಳಗೆ ತುಂಬತಕ್ಕದ್ದು. ಕೊನೆಯಲ್ಲಿ ಒಂದು ಸಾಲು: 'ಶಿಕ್ಷಕಿಯು ವ್ಯಕ್ತಪಡಿಸಿದ ವೈಯಕ್ತಿಕ ಭಾವನೆಗಳು ಈ ಪ್ರಕರಣಕ್ಕೆ ಅಪ್ರಸ್ತುತ.' ಅವನು ಅದನ್ನು ಓದಿ, "ಇಲಾಖೆಗೆ ಇರ್ಬಹುದು," ಎಂದು ಮಡಚಿ ಜೇಬಿಗಿಟ್ಟುಕೊಂಡ.

ಕಳೆದುಹೋದ ಇಪ್ಪತ್ತೇಳು ಪೀರಿಯಡ್‌ಗಳನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ. ಪ್ರಿನ್ಸಿಪಾಲರು ಕ್ಷಮೆಯನ್ನೂ ಕೇಳಲಿಲ್ಲ. ಆ ಸಿಟ್ಟು ಅವಳಲ್ಲಿ ಹಾಗೇ ಉಳಿಯಿತು. ಉಳಿಯಲಿ ಎಂದುಕೊಂಡಳು.

ಮೊದಲ ಸೋಮವಾರ ಮೂರನೇ ಪೀರಿಯಡ್‌ನಲ್ಲಿ ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕದ್ದು ಕೂತವರ ಹಾಗೆ ಬಾಗಿಲು ನೋಡುತ್ತ ಕೂತಿದ್ದರು. ಐದು ನಿಮಿಷವಾದ ಮೇಲೆ ಮೆಲ್ಲಗೆ ಪುಸ್ತಕ ತೆರೆದರು. ಲ್ಯಾಬಿನಲ್ಲಿ ಅವಳು ದ್ರಾವಣ ಅಳೆಯುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು.

"ಒಂದು ಮಾತು," ಎಂದ ಅವನು.

"ಸ್ಕೂಲ್ ಬಿಟ್ಟ ಮೇಲೆ."

"ಮದುವೆ ವಿಷಯ."

ಅವಳ ಕೈಯಲ್ಲಿದ್ದ ಅಳತೆಯ ಕೊಳವೆ ಅಲುಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. "ಯಾವ ವಿಷಯಾನೇ ಆಗ್ಲಿ. ಸ್ಕೂಲ್ ಬಿಟ್ಟ ಮೇಲೆ."

ಅವನು ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋದ. ಅವಳು ನಲವತ್ತು ನಿಮಿಷವನ್ನೂ ಪೂರ್ತಿ ಬಳಸಿದಳು. ನಾಲ್ಕನೇ ಪೀರಿಯಡ್‌ನಲ್ಲಿ ಎರಡನೇ ಬೆಂಚಿನ ಹುಡುಗಿ ತಾನೇ ಮುಂದೆ ಬಂದು ಬರ್ನರ್ ಹಚ್ಚಿದಳು.

ಸಂಜೆ ಗೇಟಿನ ಹೊರಗೆ ಅವನು ಭೂಪಟದ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ. ಅವಳು ಅವನ ಮುಂದೆ ಬಂದು ನಿಂತು, "ಹೂಂ," ಎಂದಳು.

"ಏನು ಹೂಂ? ನಾನಿನ್ನೂ ಕೇಳೇ ಇಲ್ಲ."

"ಮೂರನೇ ಪೀರಿಯಡ್‌ನಲ್ಲೇ ಕೇಳಿದ್ರಲ್ಲ," ಎಂದಳು ಅವಳು, ಸುರುಳಿಯ ಇನ್ನೊಂದು ತುದಿಯನ್ನು ತಾನು ಹಿಡಿದುಕೊಳ್ಳುತ್ತ. "ಆಗ ಕೆಲಸ ಇತ್ತು. ಈಗ ಹೇಳಿದೆ."